ಹನ್ನೆರಡು ರೂಪಾಯಿಯ ಟ್ಯೂಬು

ಕಳೆದ ತಿಂಗಳು ಅಕ್ಕನ ಮಗಳು ನಾಲ್ಕು ದಿನ ಇದ್ದು ಹೋಗೋಣ ಅಂತ ನಮ್ಮನೆಗೆ ಬಂದಿದ್ದಳು. ಹತ್ತೊಂಬತ್ತು ವರ್ಷ, ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದ್ತಾ ಇದಾಳೆ. ಬಟ್ಟೆ ಬ್ಯಾಗು ಚಿಕ್ಕದು, ಮುಖಕ್ಕೆ ಹಚ್ಚುವ ಸಾಮಾನಿನ ಬ್ಯಾಗು ದೊಡ್ಡದು! ಬಂದವಳೇ ಬಾತ್‌ರೂಮಿನ ಕನ್ನಡಿ ಕೆಳಗಿನ ಹಲಗೆ ಮೇಲಿದ್ದ ನಮ್ಮೆಜಮಾನರ ಶೇವಿಂಗ್ ಬ್ರಶ್ಶು, ನನ್ನ ವ್ಯಾಸಲೀನ್ ಡಬ್ಬಿ ಎಲ್ಲವನ್ನೂ ಮೂಲೆಗೆ ತಳ್ಳಿ ತನ್ನ ಬಾಟಲಿಗಳನ್ನ ಸಾಲಾಗಿ ಜೋಡಿಸಿಟ್ಟಳು. ಎಣಿಸಿದೆ. ಒಂಬತ್ತು.

"ಇಷ್ಟೆಲ್ಲ ಯಾಕೆ ಪುಟ್ಟೀ?" ಅಂದೆ.

"ಚಿಕ್ಕೀ, ಇದು ರೊಟೀನು. ಇದು ಬೆಳಗ್ಗೆ, ಇದು ರಾತ್ರಿ, ಇದು ವಾರಕ್ಕೆ ಎರಡೇ ಸಲ. ನಿಂಗೆ ಅರ್ಥ ಆಗಲ್ಲ ಬಿಡು."

ಅರ್ಥ ಆಗದೇ ಇರೋದು ನಿಜವೇ. ನಿಯಾಸಿನಮೈಡ್ ಅಂತೆ, ಹಯಲುರೋನಿಕ್ ಆಸಿಡ್ ಅಂತೆ. ಆಸಿಡ್ ಅಂದ ಕೂಡಲೇ ಪಿಯುಸಿ ಲ್ಯಾಬಿನಲ್ಲಿ ಸುಟ್ಟುಕೊಂಡ ದುಪಟ್ಟಾ ನೆನಪಾಗುವವರು ನಾವು. ಒಂದೊಂದನ್ನೇ ಎತ್ತಿ ಹಿಂದಿನ ಅಕ್ಷರ ಓದುತ್ತಾ ಬಂದೆ. ಹೆಚ್ಚಿನವೇನೂ ತೊಂದರೆಯವಲ್ಲ. ಕೊನೆಯಲ್ಲಿ ಒಂದು ಸಣ್ಣ ಅಲ್ಯೂಮಿನಿಯಂ ಟ್ಯೂಬು ಇತ್ತು. ಕೆಳಗಿನಿಂದ ಹಲ್ಲುಜ್ಜುವ ಪೇಸ್ಟಿನ ಹಾಗೆ ಮಡಚಿ ಮಡಚಿ ಮುಕ್ಕಾಲು ಖಾಲಿಯಾಗಿತ್ತು. ಅದನ್ನ ನೋಡಿದ ತಕ್ಷಣ ನನ್ನ ಕೈ ತಾನಾಗೇ ಕೆನ್ನೆಗೆ ಹೋಯ್ತು.

"ಇದೆಲ್ಲಿ ಸಿಕ್ತು?"

"ಅದಾ? ಹಾಸ್ಟೆಲಲ್ಲಿ ಎಲ್ರೂ ಹಚ್ತಾರೆ. ಮೆಡಿಕಲ್ ಶಾಪಲ್ಲಿ ಕೇಳಿದ್ರೆ ಕೊಡ್ತಾರೆ. ಇಷ್ಟೂ ಬಾಟ್ಲಿಗಿಂತ ಇದೇ ಬೆಸ್ಟು ಚಿಕ್ಕಿ, ಒಂದೇ ವಾರಕ್ಕೆ ಮುಖ ಫುಲ್ ಕ್ಲಿಯರ್!"

ಒಂದೇ ವಾರಕ್ಕೆ. ಸರಿಯಾಗಿ ಇದೇ ಮಾತನ್ನ ನಂಗೂ ಒಬ್ಬಳು ಹೇಳಿದ್ದಳು, 2001ರಲ್ಲಿ.

ಅದಕ್ಕೂ ಮುಂಚಿನ ಕಥೆ ಸ್ವಲ್ಪ ಹೇಳ್ಬೇಕು. ಸಾಗರದ ಹತ್ತಿರದ ಊರು ನಮ್ಮದು. ಮನೆಯಲ್ಲಿ ಚರ್ಮಕ್ಕೆ ಅಂತ ಬೇರೆ ಸಾಮಾನು ಇರಲೇ ಇಲ್ಲ, ಎಲ್ಲ ಅಡುಗೆಮನೆಯಿಂದಲೇ ಬಚ್ಚಲಿಗೆ ಹೋಗುತ್ತಿತ್ತು. ಶನಿವಾರ ಅಜ್ಜಿ ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಲೆಯಿಂದ ಕಾಲಿನವರೆಗೆ ತಿಕ್ಕುವಳು. ಹಂಡೆ ನೀರು ಕುದಿಯುವವರೆಗೆ ಬಚ್ಚಲೊಲೆ ಎದುರು ಕೂತಿರಬೇಕು. ಆಮೇಲೆ ತಲೆಗೆ ದಾಸವಾಳ ಸೊಪ್ಪಿನ ಲೋಳೆ, ಮೈಗೆ ಹೆಸರುಹಿಟ್ಟು. ಚಳಿಗಾಲದಲ್ಲಿ ತುಟಿ, ಹಿಮ್ಮಡಿ ಒಡೆದರೆ ಮುರುಗಲ ತುಪ್ಪ. ಮುರುಗಲು ಹಣ್ಣಿನ ಬೀಜದಿಂದ ತೆಗೆದದ್ದು, ಕಲ್ಲಿನ ಹಾಗೆ ಗಟ್ಟಿ. ಒಲೆ ಹತ್ತಿರ ಹಿಡಿದರೆ ಬೆರಳಿಗೆ ಅಂಟುವಷ್ಟು ಕರಗುತ್ತಿತ್ತು. ಈಗ ಅದನ್ನೇ ಕೋಕಂ ಬಟರ್ ಅಂತ ಚಂದದ ಡಬ್ಬಿಯಲ್ಲಿ ಹಾಕಿ ಮಾರುತ್ತಾರೆ. ಬೆಲೆ ಕೇಳಿದ್ರೆ ಅಜ್ಜಿ ಮತ್ತೊಮ್ಮೆ ಸಾಯ್ತಿದ್ದಳು :)

ಸೋಪು ಅಂದ್ರೆ ಒಂದೇ. ಅಪ್ಪ ಹೊಸ ಸೋಪನ್ನ ದಾರ ಹಾಕಿ ಎರಡು ತುಂಡು ಮಾಡಿ ಅರ್ಧವನ್ನ ಮಾತ್ರ ಬಚ್ಚಲಿಗೆ ಇಡ್ತಿದ್ದರು, ಇಡಿಯಾಗಿ ಇಟ್ಟರೆ ಬೇಗ ಕರಗತ್ತೆ ಅಂತ. ಮೈಸೂರು ಸ್ಯಾಂಡಲ್ ಮಾತ್ರ ನೆಂಟರಿಗೆ. ಬೆಂಗಳೂರಿನಲ್ಲಿ 1916ರಲ್ಲಿ ಶುರುವಾದ ಸರ್ಕಾರಿ ಸೋಪು ಕಾರ್ಖಾನೆಯದು ಅಂತ ಅಪ್ಪನಿಗೆ ಅದರ ಮೇಲೆ ವಿಶೇಷ ಗೌರವ, ಅದಕ್ಕೇ ನಮಗೆ ಮುಟ್ಟೋಕೆ ಕೊಡ್ತಿರಲಿಲ್ಲ! ನೆಂಟರು ಹೋದ ಮೇಲೆ ಉಳಿದ ಚೂರಿಗೆ ನಾನು ಮತ್ತು ಅಕ್ಕ ಜಗಳ ಆಡ್ತಿದ್ವಿ.

ಹಳೇದೆಲ್ಲ ಚಿನ್ನ ಅಂತ ನಾನು ಹೇಳ್ತಾ ಇಲ್ಲ. ಅಜ್ಜಿ ಮೊಡವೆಗೆ ನಿಂಬೆಹುಳಿ ಹಚ್ಚಿಸುತ್ತಿದ್ದಳು. ನಮ್ಮ ಚರ್ಮ ಸ್ವಭಾವದಲ್ಲೇ ಸ್ವಲ್ಪ ಹುಳಿ, ಪಿಎಚ್ ಐದರ ಆಸುಪಾಸು. ನಿಂಬೆರಸ ಎರಡರ ಹತ್ತಿರ, ಅಂದ್ರೆ ಅದಕ್ಕಿಂತ ನೂರಾರು ಪಟ್ಟು ಹುಳಿ. ಸಾಲದ್ದಕ್ಕೆ ನಿಂಬೆಯಲ್ಲಿರುವ ಕೆಲವು ಅಂಶಗಳು ಬಿಸಿಲು ತಾಗಿದರೆ ಚರ್ಮವನ್ನ ಸುಡುತ್ತವೆ. ಹಚ್ಚಿಕೊಂಡು ತೋಟಕ್ಕೆ ಹೋಗಿ ಬಂದ ಅಕ್ಕನ ಕೆನ್ನೆಯಲ್ಲಿ ತಿಂಗಳುಗಟ್ಟಲೆ ಕಂದು ಕಲೆ ಇತ್ತು. ದೃಷ್ಟಿ ತಾಗಿದ್ದು ಅಂತ ನಿವಾಳಿಸಿ ಹಾಕಿದ್ದರು.

ಮನೆಯಲ್ಲಿ ನಾನು ಕಪ್ಪು, ಅಕ್ಕ ಕೆಂಪು. ನಮ್ಮ ಕಡೆ ಬೆಳ್ಳಗಿರುವವರಿಗೆ ಕೆಂಪಗಿದ್ದಾಳೆ ಅಂತಾರಲ್ಲ, ಆ ಕೆಂಪು. ನನ್ನ ಬಗ್ಗೆ ಹೇಳುವಾಗ 'ಲಕ್ಷಣವಾಗಿದ್ದಾಳೆ' ಅನ್ನೋರು. ಕಪ್ಪು ಹುಡುಗಿಯರಿಗೆ ಮಾತ್ರ ಸಿಗುವ ಸರ್ಟಿಫಿಕೇಟು ಅದು. ಅಮ್ಮ ಯಾವತ್ತೂ ನೇರವಾಗಿ ಏನೂ ಅಂದವಳಲ್ಲ. ಆದರೆ ಬಟ್ಟೆ ಅಂಗಡಿಯಲ್ಲಿ ನಾನು ಹಳದಿಗೆ ಕೈ ಹಾಕಿದರೆ "ಅದು ಅಕ್ಕಂಗೆ ಇರ್ಲಿ, ನಿಂಗೆ ತಿಳಿ ಬಣ್ಣ ನೋಡ್ತೀನಿ" ಅಂತಿದ್ದಳು. ಇವತ್ತಿಗೂ ನನ್ನ ಬೀರುವಿನಲ್ಲಿ ಒಂದೂ ಹಳದಿ ಸೀರೆ ಇಲ್ಲ.

2001ರಲ್ಲಿ ಹಾಸ್ಟೆಲಿನಲ್ಲಿದ್ದೆ, ಎಂ.ಎ. ಕೊನೆ ವರ್ಷ. ಮನೆಯಲ್ಲಿ ಜಾತಕ ಹೊರಟಿತ್ತು. ದಸರಾ ರಜೆಗೆ ಊರಿಗೆ ಬಾ, ಒಂದು ಕಡೆಯವರು ನೋಡೋಕೆ ಬರ್ತಾರೆ ಅಂತ ಅಪ್ಪನ ಕಾಗದ ಬಂತು. ಕಾಗದ ಓದಿದ ರೂಂಮೇಟು ಪೆಟ್ಟಿಗೆ ತೆಗೆದು ಟ್ಯೂಬು ಕೊಟ್ಟಳು. ಹನ್ನೆರಡು ರೂಪಾಯಿ. ರಾತ್ರಿ ಮಾಮೂಲಿ ಕ್ರೀಮಿನ ಜೊತೆ ಕಲಸಿ ಹಚ್ಚು, ಒಂದೇ ವಾರ ಅಂದಳು.

ಸುಳ್ಳಲ್ಲ, ಕೆಲಸ ಮಾಡಿತು! ನಾಲ್ಕನೇ ದಿನಕ್ಕೆ ಮೊಡವೆ ಮಾಯ. ಎಂಟನೇ ದಿನಕ್ಕೆ ಮೆಸ್ಸಿನ ಅಕ್ಕ "ಏನ್ ಮೇಡಂ, ಬೆಳ್ಳಗಾಗಿದೀರ" ಅಂದರು. ಜೀವನದಲ್ಲಿ ಮೊದಲ ಸಲ ಆ ಮಾತು ಕೇಳಿದ್ದು ನಾನು. ಆ ಸಂತೋಷ ಎಂಥದ್ದು ಅಂತ ಕೆಂಪಗೆ ಹುಟ್ಟಿದವರಿಗೆ ಗೊತ್ತಾಗಲ್ಲ ಬಿಡಿ.

ಆಮೇಲೆ ಓದಿ ತಿಳಿದದ್ದು ಏನಂದ್ರೆ, ಅದು ಸ್ಟೀರಾಯ್ಡ್ ಮುಲಾಮು. ಇಸಬಿಗೋ ಸೋರಿಯಾಸಿಸ್‌ಗೋ ಡಾಕ್ಟರು ಲೆಕ್ಕ ಹಾಕಿ ಕೊಡುವ ಒಳ್ಳೆ ಔಷಧಿ. ಹಚ್ಚಿದ ಜಾಗದಲ್ಲಿ ರಕ್ತನಾಳಗಳು ಬಿಗಿದುಕೊಂಡು ಚರ್ಮ ಬಿಳಿಚಿಕೊಳ್ಳುತ್ತದೆ. ಯಾವ ಸ್ಟೀರಾಯ್ಡಿಗೆ ಎಷ್ಟು ಶಕ್ತಿ ಅಂತ ಅಳೆಯೋಕೆ 1962ರಲ್ಲಿ ಮೆಕೆಂಜಿ ಮತ್ತು ಸ್ಟೌಟನ್ ಅನ್ನುವವರು ಒಂದು ಪರೀಕ್ಷೆ ಮಾಡಿದರು. ಹಚ್ಚಿದಾಗ ಚರ್ಮ ಎಷ್ಟು ಬಿಳಿಚುತ್ತೆ ಅಂತ ನೋಡುವುದೇ ಆ ಪರೀಕ್ಷೆ! ಅಂದ್ರೆ ಮೆಸ್ಸಿನ ಅಕ್ಕ ಹೊಗಳಿದ್ದು ನನ್ನ ಬಣ್ಣವನ್ನಲ್ಲ, ರಕ್ತ ಸರಿಯಾಗಿ ಓಡದೇ ಇದ್ದುದನ್ನ. ಉರಿಯೂತವನ್ನ ಒತ್ತಿ ಹಿಡಿಯುವುದರಿಂದ ಮೊಡವೆಯ ಕೆಂಪು ಸ್ವಲ್ಪ ದಿನ ಅಡಗುತ್ತದೆ. ಜೊತೆಗೇ ಕೊಲಾಜೆನ್ ಕಡಿಮೆಯಾಗಿ ಚರ್ಮ ತೆಳುವಾಗ್ತಾ ಹೋಗುತ್ತದೆ. ಅದು ಮಾತ್ರ ಕನ್ನಡಿಯಲ್ಲಿ ಮೊದಲಿಗೆ ಕಾಣಲ್ಲ.

ದಸರಾಕ್ಕೆ ಬಂದವರು ಒಪ್ಪಲಿಲ್ಲ, ಅದು ಬೇರೆ ಕಾರಣಕ್ಕೆ. ನಾನು ಮಾತ್ರ ಟ್ಯೂಬು ಬಿಡಲಿಲ್ಲ. ನಾಲ್ಕೈದು ತಿಂಗಳಾದ ಮೇಲೆ ಒಮ್ಮೆ ಖಾಲಿಯಾಗಿ ಮೂರು ದಿನ ಹಚ್ಚಲಿಲ್ಲ. ಮುಖ ಹೊತ್ತಿಕೊಂಡ ಹಾಗಾಯ್ತು. ಕೆಂಪು, ಉರಿ, ತುಂಬಾ ಸಣ್ಣ ಗುಳ್ಳೆ. ಹೆದರಿ ಓಡಿಹೋಗಿ ಹೊಸ ಟ್ಯೂಬು ತಂದು ಹಚ್ಚಿದೆ, ತಣ್ಣಗಾಯ್ತು. ಸದ್ಯ ಕಾಪಾಡ್ತು ಅಂದುಕೊಂಡೆ! ಹೀಗೆ ಎಂಟು ತಿಂಗಳು. ಅಷ್ಟರಲ್ಲಿ ಕೆನ್ನೆ ಮೇಲೆ ಜೇಡರ ಬಲೆಯ ಹಾಗೆ ಸಣ್ಣ ಸಣ್ಣ ಕೆಂಪು ನರ ಎದ್ದಿದ್ದವು. ಕಿವಿಯ ಪಕ್ಕದಿಂದ ಗಲ್ಲದವರೆಗೆ ರೋಮ ಬಂದಿತ್ತು. ಬಿಸಿಲಿಗೆ ಹೋದರೆ ಮೆಣಸಿನಪುಡಿ ಹಚ್ಚಿದ ಹಾಗೆ ಉರಿ. ರಜೆಗೆ ಊರಿಗೆ ಹೋದಾಗ ಪಕ್ಕದ ಮನೆಯವರು ನೋಡಿ ಅಮ್ಮನ ಹತ್ತಿರ ಏನಂದರು ಗೊತ್ತಾ? "ಮಗಳು ಈಗ ಕೆಂಪಗಾಗಿದಾಳೆ." ಅಮ್ಮ ಖುಷಿಪಟ್ಟಳು.

ಕೊನೆಗೆ ಚರ್ಮದ ಡಾಕ್ಟರ ಹತ್ತಿರ ಹೋದೆ. "ಮುಖಕ್ಕೆ ಏನು ಹಚ್ತಿದೀಯಮ್ಮ?" ಅಂದರು. "ಏನೂ ಇಲ್ಲ ಡಾಕ್ಟ್ರೇ" ಅಂದೆ. ಬೆಳ್ಳಗಾಗೋಕೆ ಹೊರಟಿದ್ದೆ ಅಂತ ಇನ್ನೊಬ್ಬರ ಎದುರು ಒಪ್ಪಿಕೊಳ್ಳುವುದು ಉರಿಗಿಂತ ಕಷ್ಟ. ಅವರು ಒಂದು ನಿಮಿಷ ಸುಮ್ಮನಿದ್ದು, "ನಾಳೆ ನಿನ್ನ ಬಚ್ಚಲಲ್ಲಿ ಇರೋದೆಲ್ಲ ಒಂದು ಚೀಲಕ್ಕೆ ಹಾಕಿ ತಗೊಂಡು ಬಾ, ಸೋಪೂ ಬಿಡಬೇಡ" ಅಂದರು. ತಗೊಂಡು ಹೋದೆ. ಚೀಲದೊಳಗೆ ಕೈ ಹಾಕಿ ನೇರ ಟ್ಯೂಬನ್ನೇ ತೆಗೆದರು. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತ್ತು. ಮುಖ ಒಂದು ಹದಕ್ಕೆ ಬರೋಕೆ ವರ್ಷದ ಮೇಲೆ ಹಿಡಿಯಿತು. ನರಗಳು ಕೆಲವು ಈಗಲೂ ಇವೆ.

ಇದೇನು ನನ್ನೊಬ್ಬಳ ಪೆದ್ದುತನವಲ್ಲ. ನಮ್ಮ ದೇಶದ ಚರ್ಮವೈದ್ಯರು ಇದಕ್ಕೊಂದು ಹೆಸರೇ ಇಟ್ಟಿದ್ದಾರೆ, 'ಟಾಪಿಕಲ್ ಸ್ಟೀರಾಯ್ಡ್ ಡ್ಯಾಮೇಜ್ಡ್ ಫೇಸ್' ಅಂತ. 2018ರಲ್ಲಿ ಕೇಂದ್ರ ಸರ್ಕಾರ ಹದಿನಾಲ್ಕು ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನ ವೈದ್ಯರ ಚೀಟಿ ಇಲ್ಲದೆ ಮಾರಬಾರದು ಅಂತ ಆದೇಶ ಮಾಡಿತು. 1975ರಿಂದ ಇದ್ದ ಫೇರ್ ಅಂಡ್ ಲವ್ಲಿ ಕೂಡ 2020ರಲ್ಲಿ ಹೆಸರಿನ 'ಫೇರ್' ಬಿಟ್ಟು 'ಗ್ಲೋ' ಹಾಕಿಕೊಂಡಿತು. ಇಷ್ಟೆಲ್ಲ ಆದ ಮೇಲೂ ಅದೇ ಥರದ ಟ್ಯೂಬು ನನ್ನ ಬಾತ್‌ರೂಮಿನ ಹಲಗೆ ಮೇಲೆ ಬಂದು ಕೂತಿದೆ, ಚೀಟಿ ಇಲ್ಲದೆ.

ಆ ರಾತ್ರಿ ಪುಟ್ಟಿಯನ್ನ ಪಕ್ಕ ಕೂರಿಸಿಕೊಂಡು ಎಲ್ಲ ಹೇಳಿದೆ. ದೀಪದ ಹತ್ತಿರ ಕೆನ್ನೆ ಹಿಡಿದು ನರ ತೋರಿಸಿದೆ. ಅವಳು ಹಚ್ಚೋಕೆ ಶುರು ಮಾಡಿ ನಾಲ್ಕು ತಿಂಗಳಾಗಿತ್ತಂತೆ. ಬಿಸಿಲಿಗೆ ಸ್ವಲ್ಪ ಚುರುಚುರು ಅನ್ನತ್ತೆ ಅಷ್ಟೆ ಅಂದಳು.

"ನಿಂಗ್ಯಾರು ಹೇಳಿದ್ರು ಬೆಳ್ಳಗಾಗ್ಬೇಕು ಅಂತ? ನಿಮ್ಮಮ್ಮನಾ?" ಅಂತ ಸ್ವಲ್ಪ ಜೋರಾಗೇ ಕೇಳಿದೆ. ಅಕ್ಕನ ಮೇಲೆ ಸಿಟ್ಟು ಬಂದಿತ್ತು.

ಅವಳು ತಲೆ ತಗ್ಗಿಸಿ, "ನೀನೇ ಚಿಕ್ಕಿ" ಅಂದಳು. "ಅಣ್ಣನ ಮದುವೆಯಲ್ಲಿ, ನಾನು ಚಪ್ಪರದ ಹೊರಗೆ ಆಡ್ತಾ ಇದ್ದೆ. ಬಿಸಿಲಲ್ಲಿ ತಿರುಗಬೇಡ್ವೇ, ಮೊದ್ಲೇ ನನ್ನ ಬಣ್ಣ ಬಂದಿದೆ ನಿಂಗೆ ಅಂದಿದ್ದೆ. ಎಲ್ರೂ ನಕ್ಕಿದ್ರು."

ನಂಗೆ ನೆನಪೇ ಇಲ್ಲ. ನಿಜವಾಗ್ಲೂ ಇಲ್ಲ. ಆದರೆ ಅಂದಿರ್ತೀನಿ. ಅಷ್ಟು ಸರಾಗವಾಗಿ ಬರುವ ಮಾತು ಅದು, ಅಂದದ್ದು ಅಂದವರಿಗೆ ನೆನಪಿರಲ್ಲ. ಆ ಮೇಲೆ ಇಬ್ಬರೂ ಸುಮಾರು ಹೊತ್ತು ಮಾತಾಡಲಿಲ್ಲ. ಅವಳು ಮಲಗಿದ ಮೇಲೆ ಅಕ್ಕನಿಗೆ ಫೋನ್ ಮಾಡಿ ಅತ್ತೆ.

ಬೆಳಗ್ಗೆ ಟ್ಯೂಬನ್ನ ಕಸದ ಡಬ್ಬಿಗೆ ಹಾಕೋಕೆ ಹೊರಟವಳು ತಡೆದುಕೊಂಡೆ. ತಿಂಗಳುಗಟ್ಟಲೆ ಹಚ್ಚಿದ್ದನ್ನ ನಮ್ಮಷ್ಟಕ್ಕೆ ನಾವೇ ಥಟ್ಟನೆ ನಿಲ್ಲಿಸಿದರೆ ಏನಾಗುತ್ತೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹೇಗೆ ಬಿಡಿಸಬೇಕು ಅಂತ ಡಾಕ್ಟರೇ ಹೇಳಬೇಕು. ಅವತ್ತೇ ಕರೆದುಕೊಂಡು ಹೋದೆ. ಏನು ಹಚ್ತಿದೀಯ ಅಂತ ಡಾಕ್ಟರು ಕೇಳಿ ಮುಗಿಸುವ ಮೊದಲೇ ಪುಟ್ಟಿ ಟ್ಯೂಬು ತೆಗೆದು ಮೇಜಿನ ಮೇಲಿಟ್ಟಳು. ನನಗಿಂತ ಗಟ್ಟಿಗಿತ್ತಿ.

ಒಂಬತ್ತು ಬಾಟಲಿಯಲ್ಲಿ ಈಗ ಸದ್ಯಕ್ಕೆ ಎರಡು ಉಳಿದಿವೆ, ಹದವಾದ ಫೇಸ್‌ವಾಶು ಮತ್ತು ವಾಸನೆ ಇಲ್ಲದ ಒಂದು ಮಾಯಿಶ್ಚರೈಸರು. ಜೊತೆಗೆ ಡಾಕ್ಟರು ಬರೆದ ಸನ್‌ಸ್ಕ್ರೀನು. ಎಸ್‌ಪಿಎಫ್ 30 ಸಾಕಂತೆ. ಅದು ಬಿಸಿಲಿನ ಯುವಿಬಿಯಲ್ಲಿ ನೂರಕ್ಕೆ ಸುಮಾರು 97ನ್ನು ತಡೆದರೆ 50 ಇರೋದು ತಡೆಯೋದು 98ನ್ನು. ಆ ಒಂದಕ್ಕೋಸ್ಕರ ದುಪ್ಪಟ್ಟು ದುಡ್ಡು ಕೊಡೋ ಬದಲು ಎರಡು ಬೆರಳುದ್ದ ತಗೊಂಡು ಧಾರಾಳವಾಗಿ ಹಚ್ಚಿ ಅಂದರು. ನಾವೆಲ್ಲ ಕುಂಕುಮದಷ್ಟು ಹಚ್ಚಿ ಕೆಲಸ ಮಾಡಲ್ಲ ಅಂತ ದೂರುವವರು.

ನನ್ನ 'ರೊಟೀನು' ಏನು ಅಂತ ಪುಟ್ಟಿ ಹೊರಡುವಾಗ ಕೇಳಿದಳು. ಸ್ನಾನದ ನೀರು ಆರುವ ಮುಂಚೆ, ಒದ್ದೆ ಮೈಗೇ ಕೈಕಾಲಿಗೆ ಕೊಬ್ಬರಿ ಎಣ್ಣೆ ಇಲ್ಲಾ ವ್ಯಾಸಲೀನು. ವ್ಯಾಸಲೀನು ತಾನಾಗಿ ನೀರು ಕೊಡಲ್ಲ, ಇರೋ ನೀರು ಆರದ ಹಾಗೆ ಮುಚ್ಚಳ ಹಾಕುತ್ತೆ ಅಷ್ಟೆ, ಅದಕ್ಕೇ ಒದ್ದೆ ಇರುವಾಗಲೇ ಹಚ್ಚಬೇಕು. ಮೊಡವೆ ಮುಖಕ್ಕೆ ಕೊಬ್ಬರಿ ಎಣ್ಣೆ ಬೇಡ, ರಂಧ್ರ ಕಟ್ಟಿಕೊಳ್ಳುತ್ತೆ. ಸೋಪು ಕೊಳ್ಳುವಾಗ ಟಿಎಫ್‌ಎಂ 76ಕ್ಕಿಂತ ಮೇಲಿದೆಯಾ ನೋಡ್ತೀನಿ, ಒಂದನೇ ದರ್ಜೆ ಅಂದ್ರೆ ಅಷ್ಟಿರಬೇಕು. ಆದರೂ ಎಂಥ ಸೋಪೂ ಕ್ಷಾರವೇ, ಮುಖಕ್ಕೆ ದಿನಕ್ಕೆ ನಾಲ್ಕು ಸಲ ತಿಕ್ಕೋದಲ್ಲ. ಮತ್ತೆ, ಮುಖಕ್ಕೆ ಹಚ್ಚುವ ಯಾವುದೇ ಟ್ಯೂಬಿನ ಹಿಂದೆ ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್, ಫ್ಲುಯೊಸಿನೊಲೋನ್ ಅಂತೇನಾದರೂ ಕಂಡರೆ ಚೀಟಿ ಇಲ್ಲದೆ ಮುಚ್ಚಳ ತೆಗೆಯಲ್ಲ. ಇಷ್ಟನ್ನೂ ಅವಳು ಮೊಬೈಲಿನಲ್ಲಿ ಬರೆದುಕೊಂಡಳು.

ಹೋಗುವಾಗ ಅವಳಿಗೊಂದು ಚೂಡಿದಾರ ಕೊಡಿಸಿದೆ. ಹಳದಿ. ಇಬ್ಬರಿಗೂ ಚೆನ್ನಾಗಿ ಕಾಣತ್ತೆ ಅಂತ ಅಂಗಡಿಯಲ್ಲಿ ನನ್ನ ಹೆಗಲ ಮೇಲೂ ಹಾಕಿ ನೋಡಿದಳು, ನಾನು ಕನ್ನಡಿ ಕಡೆ ಪೂರ್ತಿ ತಿರುಗಲಿಲ್ಲ.

ನಿನ್ನೆ ಫೋನ್ ಮಾಡಿದ್ದಳು. ಮುಖ ಕೆಂಪಗಿದೆ, ಉರಿ ಇದೆ, ಆದರೆ ಡಾಕ್ಟರು ಹೀಗಾಗತ್ತೆ ಅಂತ ಮೊದಲೇ ಹೇಳಿದ್ದರಲ್ಲ, ತಡ್ಕೋತೀನಿ ಅಂದಳು. ಅವಳ ರೂಮಿನ ಇನ್ನಿಬ್ಬರು ತಮ್ಮ ಟ್ಯೂಬಿನ ಹಿಂಬದಿಯ ಫೋಟೋ ತೆಗೆದು ಕಳಿಸಿದ್ದಾರೆ, "ಆಂಟಿ, ಇದ್ರಲ್ಲೂ ಅದಿದ್ಯಾ ನೋಡಿ ಹೇಳಿ" ಅಂತ. ಕನ್ನಡಕ ಹಾಕ್ಕೊಂಡು, ಫೋಟೋ ದೊಡ್ಡದು ಮಾಡಿ ಓದಿದೆ. ಒಬ್ಬಳದು ಬರೀ ಕ್ಯಾಲಮೈನು. ಇನ್ನೊಬ್ಬಳದರಲ್ಲಿ ಇತ್ತು.