ಕಾಳಿಯ ಕಲ್ಲು

ನಾಯಿಯನ್ನು ಕಂಡರೆ ಕೊಡೆಯನ್ನು ಅಡ್ಡ ಹಿಡಿದು ನಡೆಯುವವರ ಪೈಕಿ ನಾನು. ಆದರೂ ವರ್ಷಕ್ಕೊಮ್ಮೆ ತರಗತಿಯಲ್ಲಿ ಒಂದು ನಾಯಿಯ ಗುಣಗಾನ ಮಾಡುವುದು ನನಗೆ ತಪ್ಪದು. ಅದು ಆತಕೂರು ಶಾಸನದ ಕಾಳಿ. ಕ್ರಿ.ಶ. 949ರ ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರನನ್ನು ಒಡೆಯನು ಮೆಚ್ಚಿ, ಬೇಕಾದುದನ್ನು ಕೇಳೆಂದಾಗ ಅವನು ಬೇಡಿದ್ದು ಈ ನಾಯಿಯನ್ನು. ಮುಂದೆ ಅದು ಹಂದಿಯೊಡನೆ ಹೋರಾಡಿ, ಕೊಂದು, ತಾನೂ ಸತ್ತಿತು.

ಕಾಳಿಯ ಪಾಠ ನಡೆಯುತ್ತಿದ್ದ ದಿನಗಳಲ್ಲೇ, 2023ರ ಸೆಪ್ಟೆಂಬರಿನಲ್ಲಿ, ಪತ್ರಿಕೆಯಲ್ಲಿ ಇನ್ನೊಂದು ನಾಯಿಯ ಸುದ್ದಿ ಬಂತು. ಜಮ್ಮು ಸೀಮೆಯ ರಜೌರಿಯಲ್ಲಿ, ಉಗ್ರರ ಜಾಡು ಹಿಡಿದು ಸೈನಿಕರ ಮುಂದೆ ಸಾಗಿದ್ದ ಕೆಂಟ್ ಎಂಬ ಆರು ವರ್ಷದ ಲ್ಯಾಬ್ರಡಾರ್ ಗುಂಡಿಗೆ ಬಲಿಯಾಯಿತು. ತನ್ನ ಹಗ್ಗ ಹಿಡಿದ ಯೋಧನನ್ನು ಕಾಯುತ್ತ ಅದು ಪ್ರಾಣಬಿಟ್ಟಿತೆಂದು ಸೇನೆ ಹೇಳಿತು. ದೇಹಕ್ಕೆ ತ್ರಿವರ್ಣ ಧ್ವಜ ಹೊದಿಸಿತು.

ತರಗತಿಯಲ್ಲಿ ಇದನ್ನು ಹೇಳಿ ಮುಗಿಸಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಸಾರ್, ಅದಕ್ಕೆ ದೇಶ ಅಂದರೆ ಏನು ಅಂತ ಗೊತ್ತಿತ್ತೇ?” ಎಂದಳು.

ಗಂಟೆ ಬಾರಿಸಿ ನನ್ನ ಮಾನ ಉಳಿಯಿತು.

ಮನೆಗೆ ಹೋಗುವ ದಾರಿಯುದ್ದಕ್ಕೂ ಅದೇ ಯೋಚನೆ. ಯುದ್ಧದ ಕಾರಣಗಳೆಲ್ಲ ನಮ್ಮವು. ನಾಯಿಗೆ ಇದ್ದುದು ಒಂದೇ ಕಾರಣ: ದಿನವೂ ಅನ್ನವಿಟ್ಟು, ಮೈ ಉಜ್ಜಿ, ಬಚ್ಚಿಟ್ಟದ್ದನ್ನು ಹುಡುಕಿ ತಂದರೆ ಬೆನ್ನು ತಟ್ಟುವ ಒಬ್ಬ ಮನುಷ್ಯ. ಅವನು ‘ಹೋಗು’ ಎಂದ, ಅದು ಹೋಯಿತು. ‘ಹೋಗು’ ಎಂದವನು ಬರಿಯ ಹಗ್ಗ ಹಿಡಿದು ಮರಳಬೇಕು. ಈ ಋಣ ಕಲ್ಲು ನೆಟ್ಟರೆ ತೀರುವಂಥದಲ್ಲ. ಆತಕೂರಿನಲ್ಲಿ ಕಾಳಿಯ ಕಲ್ಲಿನ ಪೂಜೆಗೆಂದು ಭೂಮಿಯನ್ನೂ ಬಿಟ್ಟದ್ದು ಅದಕ್ಕೇ ಇರಬೇಕು.

ಮರುದಿನ ಆ ಹುಡುಗಿಗೆ ಹೇಳಿದೆ: “ದೇಶ ಗೊತ್ತಿರಲಿಲ್ಲಮ್ಮ. ಅವನು ಗೊತ್ತಿದ್ದ.”