ಗ್ರಾಮವಾಸ: ಅಲ್ಲಿಯದು, ಇಲ್ಲಿಯದು

ನಿಶ್ಶಬ್ದವಾದ ಒಂದು ಹಳ್ಳಿಯಲ್ಲಿ ಉಳಿದ ಆಯುಷ್ಯವನ್ನು ಕಳೆಯಬೇಕೆಂಬ ಹಂಬಲ ಪಟ್ಟಣವಾಸಿಗಳಲ್ಲಿ ಈಚೆಗೆ ಬಹಳವಾಗಿ ಕಂಡುಬರುತ್ತಿದೆ. ನಮ್ಮ ಮನೆಗೆ ಬರುವ ಬಂಧುಗಳು ಕಾಫಿ ತೋಟದ ಹಸಿರನ್ನು ಕಣ್ತುಂಬ ನೋಡಿ, "ನೀವೇ ಪುಣ್ಯವಂತರು" ಎಂದು ನುಡಿದು, ಸಂಜೆಯ ಬಸ್ಸಿಗೆ ಮೈಸೂರಿಗೆ ಹಿಂದಿರುಗುತ್ತಾರೆ. ಹಿಂದಿರುಗುವ ಆತುರದಲ್ಲಿ ಅವರಿಗೆ ನಮ್ಮ ಊರಿನ ರಾತ್ರಿ ಕಾಣುವುದೇ ಇಲ್ಲ.

ನಾವು ಮೂಲತಃ ಬಯಲುಸೀಮೆಯವರು. ಬಾಲ್ಯವೆಲ್ಲ ಕಳೆದದ್ದು ಸಿದ್ಧಗಂಗೆಯ ಮಠದಲ್ಲಿ. ಬೆಳಗಿನ ಗಂಟೆ, ಸಾಮೂಹಿಕ ಪ್ರಾರ್ಥನೆ, ಪ್ರಸಾದದ ಪಂಕ್ತಿ, ಸಾವಿರಾರು ಬಾಲಕರ ಕಲರವ; ಅಲ್ಲಿ ಏಕಾಂತವೆಂಬುದು ಪೂಜೆಯ ಹೊತ್ತಿನಲ್ಲಿ ಅಂಗೈಯೊಳಗೆ ಮಾತ್ರ ದೊರೆಯುತ್ತಿತ್ತು. ಮುಂದೆ ನಮ್ಮ ಸಹಧರ್ಮಿಣಿಯವರಿಗೆ ಉಪಾಧ್ಯಾಯಿನಿಯ ಕೆಲಸ ಸಿಕ್ಕ ನಿಮಿತ್ತ ಕೊಡಗಿನ ತಿತಿಮತಿಗೆ ಬಂದೆವು. ನಾವೂ ಸಮೀಪದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಬೋಧಿಸಿದೆವು. ಮೂವತ್ತು ವರ್ಷಗಳು ಮೀರಿದವು.

ಬಯಲುಸೀಮೆಯ ಊರೆಂದರೆ ಗೋಡೆಗೆ ಗೋಡೆ ತಾಗಿದ ಮನೆಗಳು, ಜಗಲಿಗಳು. ಒಬ್ಬರು ಕೆಮ್ಮಿದರೆ ನಾಲ್ಕು ಮನೆಗಳಿಗೆ ಕೇಳುತ್ತದೆ. ಕೊಡಗಿನ ರೀತಿಯೇ ಬೇರೆ. ಇಲ್ಲಿ ಗದ್ದೆ, ತೋಟಗಳ ನಡುವೆ ಒಂದೊಂದು ಮನೆ ಒಂಟಿಯಾಗಿ ನಿಂತಿರುತ್ತದೆ. ತಿತಿಮತಿಯಲ್ಲಿ ಹುಣಸೂರು–ಗೋಣಿಕೊಪ್ಪಲು ರಸ್ತೆಯ ಬದಿಗೆ ಪೇಟೆಯೆನ್ನಬಹುದಾದ ಕೆಲವು ಅಂಗಡಿಗಳುಂಟು. ಅದನ್ನು ದಾಟಿದರೆ ಕಾಫಿ, ಮೆಣಸು, ಅದರಾಚೆಗೆ ನಾಗರಹೊಳೆಯ ಅರಣ್ಯ. ಆಗಾಗ ಮತ್ತಿಗೋಡಿನ ಆನೆ ಶಿಬಿರವನ್ನು ನೋಡಲು ಪ್ರವಾಸಿಗರು ಬರುವರು. ಮೇ ತಿಂಗಳಲ್ಲಿ ದೇವರಪುರದ ಬೇಡು ಹಬ್ಬದಂದು ಗಿರಿಜನರು ವೇಷ ಧರಿಸಿ ದೇವರನ್ನೂ ಮನುಷ್ಯರನ್ನೂ ಬಿಡದೆ ಬೈಯುತ್ತ ಬರುತ್ತಾರೆ. ಆ ಬೈಗುಳಗಳನ್ನು ಈ ಪತ್ರಿಕೆಯಲ್ಲಿ ಬರೆಯುವಂತಿಲ್ಲ. ಆದರೆ ವರ್ಷದ ಮೌನಕ್ಕೆಲ್ಲ ಅದೊಂದು ದಿನದ ಔಷಧವೆಂದು ನಮಗನ್ನಿಸಿದ್ದುಂಟು.

ಕೆಲವು ವರ್ಷಗಳ ಹಿಂದೆ, ಮಳೆಗಾಲದ ಒಂದು ನಡುರಾತ್ರಿ ನಮ್ಮ ಮನೆಯವರಿಗೆ ಉಬ್ಬಸ ಕಾಣಿಸಿಕೊಂಡಿತು. ದೂರವಾಣಿ ಸತ್ತಿತ್ತು. ನಾವು ಅಡಿಗೆಮನೆಯಲ್ಲಿ ದೀಪ ಹಚ್ಚಿ ನೀರು ಕಾಯಿಸುತ್ತಿದ್ದೆವು. ಸ್ವಲ್ಪ ಹೊತ್ತಿನಲ್ಲಿಯೇ ಗದ್ದೆಯಾಚೆಯ ಮನೆಯ ಹಿರಿಯ ಕೊಡವರು ಜೀಪಿನೊಡನೆ ಬಾಗಿಲಿಗೆ ಬಂದು, "ಏನು ಮೇಷ್ಟ್ರೇ, ಈ ಹೊತ್ತಿನಲ್ಲಿ ದೀಪ?" ಎಂದರು. ಆಸ್ಪತ್ರೆಗೆ ಹೊರಟರೆ ರಸ್ತೆಯ ತಿರುವಿನಲ್ಲಿ ಒಂಟಿ ಸಲಗ. ಅದು ತೋಟಕ್ಕೆ ಇಳಿಯುವವರೆಗೆ ಮುಕ್ಕಾಲು ಗಂಟೆ, ಜೀಪಿನ ದೀಪ ಆರಿಸಿ, ಉಬ್ಬಸದ ಶಬ್ದವೊಂದನ್ನೇ ಕೇಳುತ್ತ ಕುಳಿತೆವು. ಆ ಮುಕ್ಕಾಲು ಗಂಟೆಯ ನಿಶ್ಶಬ್ದವನ್ನು ಯಾರೂ ಪುಣ್ಯವೆನ್ನಲಾರರು.

ಈ ಸುದ್ದಿ ಕೇಳಿದ ಮಗಳು ಸುಮ್ಮನಿರಲಿಲ್ಲ. "ಅಪ್ಪಾಜಿ, ಇನ್ನು ಅಲ್ಲಿರುವುದು ಬೇಡ" ಎಂದು ಹಟ ಹಿಡಿದಳು. ಅಳಿಯಂದಿರು ಇಂಗ್ಲೆಂಡಿನ ಡೆವನ್ ಪ್ರಾಂತದ ಚಿಕ್ಕ ಹಳ್ಳಿಯೊಂದರಲ್ಲಿದ್ದು ವೈದ್ಯವೃತ್ತಿ ನಡೆಸುತ್ತಾರೆ. ಹೀಗಾಗಿ ಒಂದು ಬೇಸಿಗೆಯನ್ನು ನಾವು ಅಲ್ಲಿ ಕಳೆದೆವು.

ಅಲ್ಲಿನ ಮೌನವನ್ನು ವರ್ಣಿಸುವುದು ಸುಲಭವಲ್ಲ. ಎರಡು ಕಡೆ ಎತ್ತರದ ಬೇಲಿದಿಬ್ಬಗಳ ನಡುವೆ ಒಂದೇ ಗಾಡಿ ಹೋಗುವಷ್ಟು ಓಣಿ. ಮಣ್ಣುಗೋಡೆಯ, ಹುಲ್ಲು ಹೊದಿಸಿದ ಮನೆಗಳು. ನಮ್ಮಲ್ಲಿ ಅಂಥ ಮನೆ ಬಡತನದ ಗುರುತು; ಅಲ್ಲಿ ಶ್ರೀಮಂತರು ಹಂಬಲಿಸಿ ಕೊಳ್ಳುತ್ತಾರೆ, ಮತ್ತು ಹಳೆಯದೆಂದು ಪಟ್ಟಿಗೆ ಸೇರಿದ ಮನೆಯ ರೂಪವನ್ನು ಸರ್ಕಾರದ ಅಪ್ಪಣೆಯಿಲ್ಲದೆ ಬದಲಿಸುವಂತಿಲ್ಲ! ಬೇಸಿಗೆಯಲ್ಲಿ ರಾತ್ರಿ ಒಂಬತ್ತಾದರೂ ಸೂರ್ಯನಿರುತ್ತಾನೆ. ಸಂಜೆಯ ಪೂಜೆಯನ್ನು ಬಿಸಿಲಿನಲ್ಲಿಯೇ ಮುಗಿಸಿ ಮಲಗುತ್ತಿದ್ದೆವು.

ನಮ್ಮ ಮನಸ್ಸನ್ನು ಸೆಳೆದದ್ದು ಅಲ್ಲಿನ ಕಾಲುದಾರಿಗಳು. ರೈತನ ಹೊಲದ ನಡುವೆ ಹಾದುಹೋಗುವ ಹಾದಿಯಲ್ಲಿ ಯಾರು ಬೇಕಾದರೂ ನಡೆಯಬಹುದು. ಅಂಥ ಹಾದಿಗಳನ್ನು ನಕ್ಷೆಯಲ್ಲಿ ದಾಖಲಿಸುವಂತೆ 1949ರಲ್ಲಿ ಶಾಸನವಾಯಿತು. ಎಪ್ಪತ್ತು ದಾಟಿದವರು ಕೋಲು ಹಿಡಿದು ಒಬ್ಬೊಬ್ಬರೇ ಮೈಲುಗಟ್ಟಲೆ ನಡೆಯುವುದನ್ನು ಕಂಡು ನಮಗೆ ಹೊಟ್ಟೆಕಿಚ್ಚಾಯಿತೆಂದರೆ ತಪ್ಪಲ್ಲ. ತಿತಿಮತಿಯಲ್ಲಿ ನಾವು ಸಂಜೆ ಐದರ ಬಳಿಕ ಗೇಟು ದಾಟುವುದಿಲ್ಲ.

ಚರ್ಚಿನ ಮುಂದೆ ಒಂದು ಕಲ್ಲು. 1914ರಿಂದ 1918ರವರೆಗಿನ ಯುದ್ಧದಲ್ಲಿ ಮಡಿದ ಆ ಊರಿನ ಹುಡುಗರ ಹೆಸರುಗಳು ಅದರ ಮೇಲಿವೆ. ಒಂದೇ ಮನೆತನದ ಹೆಸರು ಮೂರು ಸಲ ಬಂದಿತ್ತು. ನಮ್ಮ ವೀರಗಲ್ಲುಗಳಲ್ಲಿ ಕೆಳಗೆ ಕದನ, ನಡುವೆ ಅಪ್ಸರೆಯರು, ಮೇಲೆ ಶಿವಲೋಕದಲ್ಲಿ ಲಿಂಗದ ಮುಂದೆ ಕುಳಿತ ವೀರ ಇರುತ್ತಾನೆ. ಅಲ್ಲಿ ಬರಿಯ ಹೆಸರು. ಬಹಳ ಹೊತ್ತು ಅದರ ಮುಂದೆ ನಿಂತಿದ್ದೆವು.

ಆದರೆ ಆ ಹಳ್ಳಿಯಲ್ಲಿ ಯುವಕರು ಕಡಿಮೆ. ಅಂಚೆ ಕಚೇರಿ ಮುಚ್ಚಿತ್ತು. 2007ರಿಂದ 2009ರೊಳಗೆ ಆ ದೇಶದಲ್ಲಿ ಸುಮಾರು 2,500 ಅಂಚೆ ಕಚೇರಿಗಳನ್ನು ಮುಚ್ಚಿದರಂತೆ. ಅಂಗಡಿಯನ್ನು ಊರವರೇ ಸರದಿಯಂತೆ ಸಂಬಳವಿಲ್ಲದೆ ನಡೆಸುತ್ತಿದ್ದರು. ಮಗಳ ಮನೆಯ ಎದುರಿನಲ್ಲಿ ಎಂಬತ್ತು ಮೀರಿದ ವಿಧವೆಯೊಬ್ಬರು ಒಂಟಿಯಾಗಿದ್ದರು. ಅವರು ದಿನವೂ ಎಂಟು ಗಂಟೆಯೊಳಗೆ ಕಿಟಕಿಯ ಪರದೆ ಸರಿಸುವರು. ಸರಿಸದಿದ್ದರೆ ಪಕ್ಕದ ಮನೆಯಾಕೆ ಫೋನು ಮಾಡಬೇಕೆಂದು ಅವರಿಬ್ಬರಲ್ಲಿ ಒಪ್ಪಂದ. ಆದರೆ ಹನ್ನೊಂದು ವರ್ಷಗಳಿಂದ ನೆರೆಯವರಾಗಿದ್ದರೂ ಒಬ್ಬರು ಇನ್ನೊಬ್ಬರ ಮನೆಯಲ್ಲಿ ಊಟ ಮಾಡಿದ್ದಿಲ್ಲವೆಂದು ಮಗಳು ಹೇಳಿದಳು. ನಮ್ಮ ಮನೆಯವರಿಗೆ ಇದು ಜೀರ್ಣವಾಗಲಿಲ್ಲ. ಮರುದಿನವೇ ಅಕ್ಕಿರೊಟ್ಟಿ ಮಾಡಿಕೊಂಡು ಇಬ್ಬರನ್ನೂ ಕರೆದರು. ಇಬ್ಬರೂ ಬಂದರು, ಬಹಳ ಸಂತೋಷಪಟ್ಟರು, ವಂದನೆಯ ಕಾರ್ಡನ್ನು ಅಂಚೆಯಲ್ಲಿ ಕಳುಹಿಸಿದರು. ರಸ್ತೆ ದಾಟಿದರೆ ಕೈಗೇ ಕೊಡಬಹುದಿತ್ತು.

ಅಲ್ಲಿಯೇ ನೆಲೆಸಬೇಕೆಂಬುದು ಮಗಳ ಆಸೆ. ಕಾನೂನು ಅದಕ್ಕೆ ಒಪ್ಪುವುದಿಲ್ಲ. ಪ್ರವಾಸಿಯಾಗಿ ಹೋದರೆ ಸಾಮಾನ್ಯವಾಗಿ ಆರು ತಿಂಗಳು. 2012ರ ಜುಲೈಯಿಂದ ಬಂದ ನಿಯಮದಂತೆ, ನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲಾರದಷ್ಟು ಅಶಕ್ತರಾಗಿ, ಮಕ್ಕಳು ಹಣ ಕಳುಹಿಸಿದರೂ ಸ್ವದೇಶದಲ್ಲಿ ಆರೈಕೆ ದೊರೆಯದೆಂದು ತೋರಿಸಿಕೊಟ್ಟ ತಂದೆತಾಯಿಗಳಿಗಷ್ಟೇ ಖಾಯಂ ಪ್ರವೇಶ. ಕೈಕಾಲು ಗಟ್ಟಿಯಿರುವವರೆಗೆ ಬರಕೂಡದು, ಬಿದ್ದಮೇಲೆ ಅರ್ಜಿ ಹಾಕಿರಿ ಎಂಬುದು ಅದರ ತಾತ್ಪರ್ಯ. ಬಿದ್ದಮೇಲೆ ಅಷ್ಟು ದೂರ ಹೋಗುವವರಾರು?

ಈ ಸಂದರ್ಭದಲ್ಲಿ ನಮಗೆ ನೆನಪಾದವರು ಹಾಲೇರಿ ವಂಶದ ಕಡೆಯ ಅರಸ ಚಿಕ್ಕವೀರರಾಜೇಂದ್ರರು. 1834ರಲ್ಲಿ ಕೊಡಗನ್ನು ಕಳೆದುಕೊಂಡು, ಕಾಶಿಯಲ್ಲಿದ್ದು, 1852ರಲ್ಲಿ ಮಗಳು ಗೌರಮ್ಮನೊಡನೆ ಇಂಗ್ಲೆಂಡಿಗೆ ಹೋದವರು ಮತ್ತೆ ಬರಲಿಲ್ಲ. ಅರಸರು 1859ರಲ್ಲಿ, ಮಗಳು 1864ರಲ್ಲಿ ಅಲ್ಲಿಯೇ ತೀರಿಕೊಂಡರು. ಮಡಿಕೇರಿಯಲ್ಲಿ ಅವರ ಹಿರಿಯರ ಗದ್ದುಗೆಗಳಿವೆ. ಅವರ ಸಮಾಧಿ ಲಂಡನ್ನಿನ ಸ್ಮಶಾನವೊಂದರಲ್ಲಿದೆ. ಅಂದಿನ ಕೊಡಗಿನ ಅರಸನಿಗೆ ಹಿಂದಿರುಗುವ ದಾರಿಯಿರಲಿಲ್ಲ, ನಮಗೆ ಉಳಿಯುವ ದಾರಿಯಿಲ್ಲ ಎಂದು ಅಳಿಯಂದಿರೊಡನೆ ಹೇಳಿ ನಕ್ಕೆವು. ಮಗಳು ನಗಲಿಲ್ಲ.

ಈಗ ನಾವು ತಿತಿಮತಿಯಲ್ಲಿಯೇ ಇದ್ದೇವೆ. ಉಬ್ಬಸದ ಔಷಧ, ಉಸಿರಿನ ಯಂತ್ರ ಮನೆಯಲ್ಲಿವೆ. ಆನೆ ಬಂದ ಸುದ್ದಿ ಅರಣ್ಯ ಇಲಾಖೆಯವರಿಂದ ಮೊಬೈಲಿಗೆ ಬರುತ್ತದೆ, ಕೆಲವೊಮ್ಮೆ ಆನೆ ಹೋದಮೇಲೆ. ರಾತ್ರಿ ಮಲಗುವ ಮುನ್ನ ಹೊರಗಿನ ದೀಪವನ್ನು ಎರಡು ಸಲ ಆರಿಸಿ ಹಚ್ಚುವುದೆಂದು ಗದ್ದೆಯಾಚೆಯ ಮನೆಯವರೊಡನೆ ಗೊತ್ತುಮಾಡಿಕೊಂಡಿದ್ದೇವೆ. ಅವರ ಮಕ್ಕಳಿಬ್ಬರೂ ಬೆಂಗಳೂರಿನಲ್ಲಿದ್ದಾರೆ, ತೋಟ ಮಾರಿ ಬನ್ನಿರೆಂದು ಒತ್ತಾಯಿಸುತ್ತಿದ್ದಾರೆ. ಕೊಳ್ಳಲು ಬಂದವರು ಅಲ್ಲಿ ಹೋಂಸ್ಟೇ ಮಾಡುವರಂತೆ. ಈ ಸಲದ ರೊಬಸ್ಟಾ ಕೊಯ್ಲು ಮುಗಿಯಲಿ, ಆಮೇಲೆ ನೋಡೋಣ ಮೇಷ್ಟ್ರೇ ಎಂದು ಮೊನ್ನೆ ಹೇಳಿದರು.