ಬೆಟ್ಟದ ನೆಲೆ, ಅರಿವಿನ ಎಲ್ಲೆ



ಅಕ್ಕಮಹಾದೇವಿಯವರ ವಚನಗಳಲ್ಲಿ ಬೆಟ್ಟ, ಸಮುದ್ರ, ಸಂತೆಗಳ ದೃಷ್ಟಾಂತವುಳ್ಳ ವಚನವನ್ನು ಕೇಳದವರು ವಿರಳ. ಬೆಟ್ಟದಲ್ಲಿ ನೆಲೆ ಕಂಡುಕೊಂಡವರು ಕಾಡುಪ್ರಾಣಿಗಳಿಗೆ ಹೆದರಿದರೆ ಹೇಗೆ ಎಂಬ ಪ್ರಶ್ನೆಯಿಂದ ತೊಡಗುವ ಆ ವಚನವು ಲೋಕದ ಸ್ತುತಿನಿಂದೆಗಳ ನಡುವೆ ಸಮಾಧಾನದಿಂದಿರಬೇಕೆಂಬ ಉಪದೇಶದಲ್ಲಿ ಕೊನೆಗೊಳ್ಳುತ್ತದೆ. ವ್ಯಾಖ್ಯಾನ ಮಾಡುವವರು ಸಾಮಾನ್ಯವಾಗಿ ಈ ಕೊನೆಯ ಮಾತಿಗೆ ಒತ್ತು ಕೊಟ್ಟು ಮೊದಲಿನ ದೃಷ್ಟಾಂತವನ್ನು ಬೇಗನೆ ದಾಟಿಬಿಡುತ್ತಾರೆ. ಆದರೆ ಆಲೂರು ತಾಲ್ಲೂಕಿನ ಕುಂದೂರು ಸೀಮೆಯಲ್ಲಿ ಬಾಳುತ್ತಿರುವ ನಮಗೆ ಅದು ದೃಷ್ಟಾಂತವಲ್ಲ, ದಿನನಿತ್ಯದ ಬದುಕು. ಬೆಟ್ಟವೂ ನಮ್ಮದೇ, ಮನೆಯೂ ನಮ್ಮದೇ, ಮೃಗಗಳ ಭಯವೂ ನಮ್ಮದೇ. ಆದ್ದರಿಂದ ಆ ವಚನವನ್ನು ಮೊದಲ ಮಾತಿನಿಂದಲೇ ಓದಬೇಕಾದ ಅನಿವಾರ್ಯತೆ ನಮಗಿದೆ.

ನಾನು ಕಾಫಿ ಬೆಳೆಗಾರ. ಕಾಫಿ ಬೆಳೆಗಾರನ ವರ್ಷ ಹೂಮಳೆಯಿಂದ ಆರಂಭವಾಗುತ್ತದೆ. ಫೆಬ್ರವರಿಯಿಂದ ಏಪ್ರಿಲ್ ಒಳಗೆ ಸುಮಾರು ಒಂದು ಇಂಚು ಮಳೆಯಾದರೆ 8-10 ದಿನಗಳಲ್ಲಿ ತೋಟವೆಲ್ಲ ಮಲ್ಲಿಗೆ ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಹೂವು ಅರಳಿದ ದಿನವೇ ಮಳೆ ಸುರಿದರೆ ಪರಾಗ ತೊಳೆದುಹೋಗುತ್ತದೆ. ಎರಡು ಮೂರು ವಾರಗಳ ಮೇಲೆ ಮತ್ತೊಂದು ಮಳೆ ಬಾರದಿದ್ದರೆ ಕಟ್ಟಿದ ಮಿಡಿ ಒಣಗುತ್ತದೆ. ಯಾವ ಮಳೆ ಯಾವಾಗ ಬೇಕೆಂಬುದು ನಮಗೆ ಗೊತ್ತು, ತರಿಸುವುದು ಗೊತ್ತಿಲ್ಲ. ಸ್ಪ್ರಿಂಕ್ಲರ್ ಇದೆಯಲ್ಲ ಎನ್ನಬಹುದು. ಅದು ಚಿಮ್ಮಿಸುವ ನೀರಾದರೂ ಹಿಂದಿನ ವರ್ಷ ಕೆರೆಗೆ ಇಳಿದ ಮಳೆಯೇ ಅಲ್ಲವೇ?

ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ರೈಲು ಮಾರ್ಗವನ್ನು ನೋಡಿರಿ. ಘಟ್ಟವನ್ನು ಕೊರೆದು 57 ಸುರಂಗಗಳನ್ನು ಮಾಡಿದ ಆ ಸಾಹಸಕ್ಕೆ ಯಾರಾದರೂ ತಲೆದೂಗಬೇಕು. ಅದೇ ಮಾರ್ಗದಲ್ಲಿ 2018ರ ಆಗಸ್ಟ್ ಮಳೆಗೆ ಗುಡ್ಡಗಳು ಕುಸಿದು ವಾರಗಟ್ಟಲೆ ರೈಲು ಓಡಲಿಲ್ಲ. 2024ರ ಜುಲೈನಲ್ಲಿ ಯಡಕುಮರಿ ಬಳಿ ಮತ್ತೆ ನೆಲ ಜಾರಿತು. ಮನುಷ್ಯನ ಬುದ್ಧಿ ಸುಳ್ಳಲ್ಲ. ಅದಕ್ಕೊಂದು ಎಲ್ಲೆಯಿದೆ ಎಂಬುದೂ ಸುಳ್ಳಲ್ಲ.

ಈ ಎಲ್ಲೆ ನಮಗೆ ಅತ್ಯಂತ ಹತ್ತಿರದಿಂದ ಕಾಣುವುದು ಆನೆಗಳ ವಿಷಯದಲ್ಲಿ. ಹೈಕೋರ್ಟಿನ ಆದೇಶದಂತೆ ರಚನೆಯಾದ, ಪ್ರೊ. ರಾಮನ್ ಸುಕುಮಾರ್ ಅವರ ನೇತೃತ್ವದ ಆನೆ ಕಾರ್ಯಪಡೆ 2012ರಲ್ಲಿ ವರದಿ ನೀಡಿ, ಆಲೂರು ಭಾಗದ ಆನೆಗಳನ್ನು ಹಿಡಿದು ಸಾಗಿಸಬೇಕೆಂದು ಹೇಳಿತು. 2014ರಲ್ಲಿ 22 ಆನೆಗಳನ್ನು ಹಿಡಿದರು. ನಾವೆಲ್ಲ ನಿಟ್ಟುಸಿರು ಬಿಟ್ಟೆವು. ಅನಂತರದ ವರ್ಷಗಳಲ್ಲಿ ಬೇರೆ ಆನೆಗಳು ಬಂದು ಅದೇ ತೋಟಗಳಲ್ಲಿ, ಅದೇ ಕೆರೆಗಳ ಬದಿಯಲ್ಲಿ ನೆಲೆನಿಂತವು. ನೀರು, ನೆರಳು, ಹಲಸು, ಬೈನೆ, ಭತ್ತ ಇವಿಷ್ಟೂ ಇದ್ದಲ್ಲಿಗೆ ಅವು ಬರುತ್ತವೆ. ನನ್ನ ತಂದೆಯವರು ತಪ್ಪದೆ ನಾಟಿ ಮಾಡುತ್ತಿದ್ದ ಕಣಿವೆಯ ಗದ್ದೆ ಇಂದು ಹಡ್ಲು ಬಿದ್ದಿದೆ.

2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯ ವೇಳೆ ದಸರಾ ಆನೆ ಅರ್ಜುನ ಒಂಟಿ ಸಲಗದೊಡನೆ ಕಾದಾಡುತ್ತ ಮಡಿದನು. ಎಂಟು ಬಾರಿ ಚಿನ್ನದ ಅಂಬಾರಿ ಹೊತ್ತವನು ಅವನು. ಮನುಷ್ಯನು ಕಾಡಿನ ಬಲವನ್ನು ಎಷ್ಟರಮಟ್ಟಿಗೆ ಪಳಗಿಸಬಲ್ಲನೆಂಬುದಕ್ಕೆ ಅವನಿಗಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಆ ಸಾಕ್ಷಿಯೇ ನಮ್ಮ ಬೆಟ್ಟದ ಮಣ್ಣಿನಲ್ಲಿ ಮಲಗಿತು. ಆನೆಗಳ ಕಾಟದಿಂದ ಬೇಸತ್ತ ಜನರೇ ಅಂದು ಕಣ್ಣೀರಿಟ್ಟರು.

ಇಷ್ಟು ಹೇಳಿ, ಪ್ರಕೃತಿಗೆ ಒಡೆಯನು ಶಿವನೇ ಹೊರತು ನಾವಲ್ಲ ಎಂದು ಮುಗಿಸಿಬಿಡುವುದು ಸುಲಭ. ಆದರೆ ಒಂದು ಪ್ರಶ್ನೆ ನನ್ನನ್ನು ಅಲ್ಲಿಗೆ ನಿಲ್ಲಲು ಬಿಡಲಿಲ್ಲ. ನಮ್ಮ ಪಕ್ಕದ ತೋಟಕ್ಕೆ ಬೆಳಗಿನ ಮಂಜಿನಲ್ಲಿ ಕೆಲಸಕ್ಕೆ ಹೊರಟಿದ್ದ ಒಬ್ಬರು ದಾರಿಯಲ್ಲಿ ಆನೆಗೆ ಸಿಕ್ಕು ತೀರಿಕೊಂಡರು. ಕೆಲವು ವಾರಗಳ ಬಳಿಕ ನಡೆದ ಶಿವಾನುಭವ ಗೋಷ್ಠಿಗೆ ಅವರ ಮಡದಿಯೂ ಬಂದಿದ್ದರು. ಗೋಷ್ಠಿ ಮುಗಿಯುವ ಹೊತ್ತಿಗೆ ಎದ್ದು ನಿಂತು, "ಅಣ್ಣಾ, ಆನೇನೂ ದೇವ್ರುದ್ದೇ, ನಮ್ಮೋರೂ ದೇವ್ರೋರೇ. ಮತ್ತೆ ಹಿಂಗ್ಯಾಕಾಯ್ತು?" ಎಂದು ಕೇಳಿದರು. ಒಬ್ಬರು ಪೂರ್ವಕರ್ಮವೆಂದರು, ಇನ್ನೊಬ್ಬರು ಗ್ರಹಗತಿಯೆಂದರು, ಮತ್ತೊಬ್ಬರು ದೇವರು ಒಳ್ಳೆಯವರನ್ನು ಬೇಗ ಕರೆದುಕೊಳ್ಳುತ್ತಾನೆಂದರು. ನಾನು ಕೈಮುಗಿದು, "ನನಗೆ ತಿಳಿಯದಮ್ಮಾ" ಎಂದೆ.

ಆ ಮಾತಿನ ಅರ್ಥವನ್ನು ಇಂದಿಗೂ ಚಿಂತಿಸುತ್ತಿದ್ದೇನೆ. ಮಳೆಯನ್ನು ತರಿಸಲಾಗದ, ಗುಡ್ಡವನ್ನು ಹಿಡಿದು ನಿಲ್ಲಿಸಲಾಗದ ನಮ್ಮ ಬುದ್ಧಿ, ದೇವರ ಮನಸ್ಸನ್ನು ಮಾತ್ರ ಓದಬಲ್ಲುದೆಂದು ನಂಬುವುದು ಯಾವ ನ್ಯಾಯ? ನಿಸರ್ಗವನ್ನು ಗೆದ್ದೆನೆಂಬುದು ಒಂದು ಅಹಂಕಾರವಾದರೆ, ನಿಸರ್ಗದ ಒಡೆಯನ ಲೆಕ್ಕವೆಲ್ಲ ನನಗೆ ಗೊತ್ತೆಂಬುದು ಅದಕ್ಕಿಂತ ಸೂಕ್ಷ್ಮವಾದ ಅಹಂಕಾರ. ಯಂತ್ರ ಹಿಡಿದವನಿಗೆ ಎಲ್ಲೆಯಿರುವಂತೆ ವಚನ ಹಿಡಿದವನಿಗೂ ಎಲ್ಲೆಯಿದೆ. ನೊಂದವರ ಮುಂದೆ ದೇವರ ಪರವಾಗಿ ವಕಾಲತ್ತು ವಹಿಸುವ ಅಧಿಕಾರವನ್ನು ನಮಗೆ ಯಾರೂ ಕೊಟ್ಟಿಲ್ಲ.

ಹಾಗಾದರೆ ಅಕ್ಕ ಹೇಳಿದ ಸಮಾಧಾನವೆಂದರೆ ಕೈಕಟ್ಟಿ ಕೂರುವುದೇ? ಖಂಡಿತ ಅಲ್ಲ. ಭೂಮಿ, ಬೆಳೆ, ಬೀಸುವ ಗಾಳಿ ಎಲ್ಲವೂ ದೇವರ ದಾನವೆಂದು ಕಂಡವರು ಜೇಡರ ದಾಸಿಮಯ್ಯನವರು. ಅವರು ನೇಯ್ಗೆಯ ಕಾಯಕವನ್ನು ಬಿಡಲಿಲ್ಲ. ದಾನ ಪಡೆದವನು ದಾನಿಗೆ ಷರತ್ತು ಹಾಕಲಾರ. ಪಡೆದುದನ್ನು ಜೋಪಾನ ಮಾಡದೆಯೂ ಇರಲಾರ. ಆನೆಗಳ ಚಲನೆಯನ್ನು ಮೊಬೈಲಿಗೆ ತಿಳಿಸುವ ಸಂದೇಶ, ರಸ್ತೆಬದಿಯ ಎಚ್ಚರಿಕೆಯ ದೀಪ ಇವುಗಳು ನಮ್ಮ ಭಾಗಕ್ಕೆ ಬಂದಿವೆ. ಇವು ಆನೆಯನ್ನು ಆಳುವ ಉಪಾಯಗಳಲ್ಲ. ಆನೆ ಇರುವ ದಾರಿಯಿಂದ ನಾವು ಸರಿದು ನಿಲ್ಲುವ ಉಪಾಯಗಳು. ಎಲ್ಲೆಯನ್ನು ಅರಿತ ಬುದ್ಧಿ ಹೀಗೆಯೇ ಕೆಲಸ ಮಾಡುತ್ತದೆ, ಪ್ರಾಣವನ್ನೂ ಉಳಿಸುತ್ತದೆ.

ನಮ್ಮ ತೋಟದಲ್ಲಿ ಈಗ ಬೆಳಕು ಹರಿಯುವ ಮುನ್ನ ಯಾರೂ ಕೆಲಸಕ್ಕೆ ಬರುವುದಿಲ್ಲ, ಒಬ್ಬಂಟಿಯಾಗಿ ಬರುವುದಿಲ್ಲ. ಆ ತಾಯಿಯ ತುಂಡು ತೋಟದ ಕಾಫಿಯನ್ನು ನೆರೆಯವರೆಲ್ಲ ಸೇರಿ ಕೊಯ್ದು ಒಣಗಿಸಿ ಕೊಟ್ಟರು. ಅವರ ಪ್ರಶ್ನೆಗೆ ಅದು ಉತ್ತರವಲ್ಲ. ಆದರೆ ಉತ್ತರವಿಲ್ಲದ ಕಡೆಯಲ್ಲಿ ದಾಸೋಹವಿರಬೇಕೆಂಬುದನ್ನು ಬಸವಾದಿ ಶರಣರು ನಮಗೆ ಕಲಿಸಿದ್ದಾರೆ. ಸಕಲ ಜೀವಿಗಳಲ್ಲಿ ದಯೆಯಿರಲಿ ಎಂಬ ಬಸವಣ್ಣನವರ ಬೋಧೆಯಲ್ಲಿ ಆನೆಯೂ ಸೇರಿದೆ, ಆನೆಯಿಂದ ನೊಂದವರ ಸಿಟ್ಟನ್ನು ತಾಳಿಕೊಳ್ಳುವ ಸಹನೆಯೂ ಸೇರಿದೆ.

ಬೆಟ್ಟದಲ್ಲಿ ಮನೆ ಮಾಡಿದವರು ನಾವು. ಭಯವೇ ಇರಬಾರದೆಂದು ಅಕ್ಕ ಕೇಳುತ್ತಿಲ್ಲ. ಎಲ್ಲಿ ಮನೆ ಮಾಡಿದ್ದೀರೆಂಬುದನ್ನು ಮರೆಯದಿರಿ ಎಂದು ಎಚ್ಚರಿಸುತ್ತಿದ್ದಾರೆಂದು ನಾನು ತಿಳಿದಿದ್ದೇನೆ. ಆ ಎಚ್ಚರ ನಮ್ಮೆಲ್ಲರಲ್ಲಿ ನೆಲೆಸಲಿ.